ಜೋಡುಕೋವಿ ಹೋಯಿತು, ದುರ್ಬೀನು ಬಂತು, ಬಾತು ಎಲ್ಲಿ?

ಬಾತು ಬೇಟೆಗೆ ಒಳ್ಳೆಯ ದಿನವೆಂದರೆ ಮಿಕ್ಕೆಲ್ಲ ಕೆಲಸಕ್ಕೂ ಕೆಟ್ಟ ದಿನ. ಬಿಸಿಲು ಚೆನ್ನಾಗಿ ಬಿದ್ದಾಗ ಕಾಡುಬಾತುಗಳು ಕೆರೆಯ ನಟ್ಟನಡುವೆ, ಯಾರ ಗುಂಡಿಗೂ ಎಟುಕದ ಕಡೆ ಗುಂಪಾಗಿ ಕೂತು, ಬೆನ್ನಿನ ಗರಿಯೊಳಗೆ ಕೊಕ್ಕು ಹುದುಗಿಸಿ ನಿದ್ದೆ ಹೊಡೆಯುತ್ತವೆ. ಮೋಡ ಕವಿದು, ಗಾಳಿ ಎದ್ದು, ಜಿಟಿಜಿಟಿ ಮಳೆ ಹಿಡಿದರೆ ಕತೆ ಬೇರೆ. ನಡುನೀರಿನಲ್ಲಿ ಅಲೆ ಏಳುತ್ತದೆ, ಅಲ್ಲಿ ಕೂರಲು ಹಕ್ಕಿಗೆ ನೆಮ್ಮದಿಯಿಲ್ಲ. ಜೊಂಡಿನ ಮರೆ ಹುಡುಕಿಕೊಂಡು ದಡಕ್ಕೆ ಬರುತ್ತವೆ, ಒಂದು ಕೆರೆಯಿಂದ ಇನ್ನೊಂದಕ್ಕೆ ಹಾರುತ್ತವೆ, ಹಾರುವಾಗಲೂ ತಗ್ಗಿನಲ್ಲೇ ಹಾರುತ್ತವೆ. ಹಾಗಾಗಿ ಬಾತಿನ ಬೇಟೆಗಾರರು ಯಾವ ದೇಶದವರಾದರೂ ಒದ್ದೆ ಬಟ್ಟೆಯಲ್ಲಿ ನಡುಗುತ್ತ, ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು, ಕೆಟ್ಟ ಹವೆಯನ್ನೇ ಹಾರೈಸುವ ವಿಚಿತ್ರ ಜನ.

ಇಂಥವರು ಬೆಂಗಳೂರಿನ ಕೆರೆ ಏರಿಗಳ ಮೇಲೂ ಓಡಾಡಿದ್ದರು. ಇಂದು ಅಲ್ಲಾಳಸಂದ್ರ, ಯಲಹಂಕ, ಜಕ್ಕೂರು, ಹೆಬ್ಬಾಳದ ಕೆರೆಗಳೆಂದರೆ ನಡಿಗೆ ಹಾದಿ, ಕಬ್ಬಿಣದ ಗೇಟು, ಕಲ್ಲುಬೆಂಚು. ಆದರೆ ದಂಡು ಪ್ರದೇಶ ಹುಟ್ಟಿದ 1809ರಿಂದ ಮುಂದೆ ಒಂದೂವರೆ ಶತಮಾನ, ಊರಾಚೆಯ ಕೆರೆ ಎಂದರೆ ಬಂದೂಕಿದ್ದವರ ಪಾಲಿಗೆ ಭಾನುವಾರದ ಆಟದ ಬಯಲು. 1896ರಲ್ಲಿ 4ನೇ ಹುಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಇಲ್ಲಿಗೆ ಬಂದ ವಿನ್‌ಸ್ಟನ್ ಚರ್ಚಿಲ್, 1930ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಬೆಂಗಳೂರಿನ ಜೌಗುಗಳನ್ನು ಮರೆಯದೆ ನೆನೆದಿದ್ದಾರೆ. ಆ ಜೌಗಿನಲ್ಲಿ ಹೇರಳವಾಗಿದ್ದವು ಎಂದು ಅವರು ಹೇಳುವುದು ಎರಡು ಜೀವಿಗಳನ್ನು: ಒಂದು ಸಾಹೇಬರು ಸ್ನೈಪ್ ಎನ್ನುತ್ತಿದ್ದ ಉಲ್ಲಂಕಿ, ಇನ್ನೊಂದು ಹಾವು. ಪೋಲೋ, ಗುಲಾಬಿ ತೋಟ, ಚಿಟ್ಟೆ ಸಂಗ್ರಹಗಳ ನಡುವೆ ಆ ಯುವಕನಿಗೆ ಜೌಗಿನ ಹಕ್ಕಿಯೂ ಕಣ್ಣಿಗೆ ಬಿದ್ದಿತ್ತು.

ಉಲ್ಲಂಕಿ ನೋಡಲು ಏನೂ ಅಲ್ಲ. ನೂರು ಗ್ರಾಮಿನ ಆಸುಪಾಸು ತೂಕ, ಒಣಹುಲ್ಲಿನ ಬಣ್ಣ, ಮೈಗೆ ಹೊಂದದಷ್ಟು ಉದ್ದದ ಕೊಕ್ಕು. ಉತ್ತರದ ತಣ್ಣನೆಯ ನಾಡುಗಳಿಂದ ಸೆಪ್ಟೆಂಬರ್ ಹೊತ್ತಿಗೆ ಇಳಿಯತೊಡಗಿ, ಕೆರೆಯಂಗಳದ ಒದ್ದೆ ಹುಲ್ಲಿನಲ್ಲೋ ಕೊಯ್ದ ಗದ್ದೆಯ ಕೆಸರಿನಲ್ಲೋ ಅಡಗಿ ಚಳಿಗಾಲ ಕಳೆಯುತ್ತದೆ. ಕಾಲಿಗೆ ತಾಗುವಷ್ಟು ಹತ್ತಿರ ಹೋಗುವ ತನಕ ಅಲುಗುವುದಿಲ್ಲ. ಆಮೇಲೆ ಕರ್ಕಶವಾಗಿ ಕೂಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಹಾರುತ್ತದೆ. ಅದಕ್ಕೆ ಗುರಿ ಇಡುವುದು ಕಷ್ಟ. ಕಷ್ಟ ಎಂಬ ಕಾರಣಕ್ಕೇ ಅದರ ಬೇಟೆಗೆ ಅಷ್ಟು ಪ್ರತಿಷ್ಠೆ. ಒಂದು ಹಿಡಿ ಮಾಂಸಕ್ಕಾಗಿ ಮೊಣಕಾಲುದ್ದ ಕೆಸರಿನಲ್ಲಿ ಮೈಲಿಗಟ್ಟಲೆ ನಡೆಯುವುದರಲ್ಲಿ ಹೊಟ್ಟೆಯ ಲೆಕ್ಕ ಎಲ್ಲೂ ಕೂಡುವುದಿಲ್ಲ. ಬೇಟೆಗಾರರು ಸಾಲಾಗಿ ನಿಲ್ಲುವರು, ನಡುನಡುವೆ ಕೂಲಿಗೆ ಬಂದ ಹಳ್ಳಿಯ ಆಳುಗಳು. ಎಲ್ಲರೂ ಒಂದೇ ಸಮ ಹೆಜ್ಜೆಯಿಟ್ಟು ಹುಲ್ಲನ್ನು ತುಳಿಯುತ್ತ ಹೋಗುವರು. ಸಾಲು ಮುರಿದು ಮುಂದೆ ಹೋದವನಿಗೆ ಗೆಳೆಯನ ಚರೆಯೇ ತಗಲುವ ಅಪಾಯವಿತ್ತು.

ಬಾತಿಗೆ ಬೇರೆ ಉಪಾಯ. ಕತ್ತಲಿರುವಾಗಲೇ ಕೆರೆಯ ಸುತ್ತ, ತೂಬಿನ ಬಳಿ ಒಬ್ಬ, ಕೋಡಿಯ ಬಳಿ ಒಬ್ಬ, ಜೊಂಡಿನ ಮರೆಯಲ್ಲಿ ಮತ್ತಿಬ್ಬರು ಎಂದು ಕೂರುವರು. ಬೆಳಕು ಹರಿದ ಮೇಲೆ ಹರಿಗೋಲಿನಲ್ಲಿ ಒಬ್ಬನನ್ನು ನೀರಿಗಿಳಿಸಿ ಹಕ್ಕಿಗಳನ್ನು ಎಬ್ಬಿಸುವರು. ಮೊದಲ ಗುಂಡಿಗೆ ಇಡೀ ಕೆರೆ ಮೇಲೇಳುತ್ತದೆ. ಎದ್ದ ಹಿಂಡು ಎರಡು ಸುತ್ತು ಹಾಕಿ ಯಾರದೋ ತಲೆಯ ಮೇಲಿಂದ ಹಾದೇ ಹೋಗಬೇಕು. ಬಿದ್ದ ಹಕ್ಕಿಯನ್ನು ತರಲು ಕೆಲವರ ಬಳಿ ನಾಯಿ, ಬಹುಪಾಲು ಕಡೆ ಈಜು ಬಲ್ಲ ಹಳ್ಳಿಯ ಹುಡುಗರು.

ಮಳೆ ಬಾತನ್ನು ಹತ್ತಿರ ತರುತ್ತಿತ್ತು ನಿಜ, ಬಂದೂಕನ್ನು ಹಾಳುಮಾಡುತ್ತಲೂ ಇತ್ತು. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿ ತೇವ ತಗುಲಿದರೆ ಚಟ್ ಎಂದು ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಜೋಡುಕೋವಿ ಬಂದ ಮೇಲೂ ಪೀಡೆ ಬಿಡಲಿಲ್ಲ. ಆಗಿನ ತೋಟೆಗಳ ಹೊರಕವಚ ಕಾಗದದ್ದು. ಒದ್ದೆಯಾದರೆ ಉಬ್ಬಿಕೊಂಡು ನಳಿಗೆಗೆ ಇಳಿಯುತ್ತಿರಲಿಲ್ಲ, ಇಳಿದರೆ ಹೊರಗೆ ಬರುತ್ತಿರಲಿಲ್ಲ. ಪ್ಲಾಸ್ಟಿಕ್ ತೋಟೆ ಬರುವವರೆಗೂ ಮಳೆಯ ದಿನದ ಬೇಟೆಯಲ್ಲಿ ಅರ್ಧ ಹೊತ್ತು ಚೀಲ ಮುಚ್ಚಿಕೊಳ್ಳುವುದರಲ್ಲೇ ಕಳೆಯುತ್ತಿತ್ತು.

ಬಂದೂಕಿಲ್ಲದವರ ಜಾಣ್ಮೆ ಇದಕ್ಕಿಂತ ಸ್ವಾರಸ್ಯದ್ದು. ಹಳೆಯ ಶಿಕಾರಿ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಒಂದು ವಿಧಾನ ಹೀಗಿದೆ: ನಾಲ್ಕಾರು ದಿನ ಕೆರೆಯಲ್ಲಿ ಖಾಲಿ ಮಡಕೆಗಳನ್ನು ತೇಲಿಬಿಡುವುದು. ಬಾತುಗಳು ಮೊದಲು ಬೆದರಿ, ಆಮೇಲೆ ಅವುಗಳ ನಡುವೆಯೇ ಈಜಾಡತೊಡಗುತ್ತವೆ. ಆಗ ಒಬ್ಬ ಕಣ್ಣಿಗೆ ತೂತು ಮಾಡಿದ ಮಡಕೆಯನ್ನು ತಲೆಗೆ ಕವುಚಿಕೊಂಡು ಕುತ್ತಿಗೆ ಮಟ್ಟದ ನೀರಿನಲ್ಲಿ ಮೆಲ್ಲಗೆ ನಡೆದು ಹೋಗಿ, ನೀರಿನ ಕೆಳಗಿನಿಂದಲೇ ಹಕ್ಕಿಯ ಕಾಲು ಹಿಡಿದು ಎಳೆಯುವುದು. ಸದ್ದಿಲ್ಲ, ಮದ್ದಿಲ್ಲ, ಪಕ್ಕದ ಬಾತಿಗೂ ಸುಳಿವು ಸಿಗುವುದಿಲ್ಲ.

ಕೋವಿಯ ಬೇಟೆ ಎಲ್ಲಿಗೆ ಮುಟ್ಟಿತ್ತು ಎಂಬುದಕ್ಕೆ ರಾಜಸ್ಥಾನದ ಭರತಪುರದ ಕಲ್ಲಿನ ಫಲಕ ಸಾಕು. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ತಂಡ ಅಲ್ಲಿ ಒಂದೇ ದಿನ 4,273 ನೀರುಹಕ್ಕಿಗಳನ್ನು ಹೊಡೆದು ಉರುಳಿಸಿತು. ಅಂಥ ಮಾರಣಹೋಮಕ್ಕೆ ಹೋಲಿಸಿದರೆ ಮೈಸೂರು ಸಂಸ್ಥಾನ ಸ್ವಲ್ಪ ಎಚ್ಚರದಲ್ಲಿತ್ತು ಎನ್ನಬೇಕು; 1901ರಷ್ಟು ಹಿಂದೆಯೇ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಇಲ್ಲೊಂದು ನಿಬಂಧನೆ ಜಾರಿಯಾಯಿತು. ಭರತಪುರದಲ್ಲಿ ಆ ದಾಖಲೆ ಬರೆದ ಎರಡೇ ವರ್ಷಕ್ಕೆ, 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಅರಮನೆ ಕಾವೇರಿಯ ನಡುಗಡ್ಡೆಗಳನ್ನು ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿಸಿತು. ಸಲೀಂ ಅಲಿ ಆಗ ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದರು. ಅವರು ಹಕ್ಕಿಗಳ ಲೋಕಕ್ಕೆ ಬಂದದ್ದೂ ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಉರುಳಿಸಿದ ಒಂದು ಗುಬ್ಬಿಯ ಮೂಲಕವೇ.

ಬೇಟೆಗಾರರನ್ನು ಸಾರಾಸಗಟಾಗಿ ಬೈದು ಮುಗಿಸಲು ಆಗದಿರುವುದು ಇಲ್ಲೇ. ಭಾರತದ ಬಾತು, ಉಲ್ಲಂಕಿಗಳ ಬಗೆಗಿನ ಮೊದಲ ಗಟ್ಟಿ ತಿಳಿವಳಿಕೆ ಬಂದದ್ದು ಬೇಟೆಗಾರರ ಚೀಲದಿಂದ. 1879ರಿಂದ 1881ರ ನಡುವೆ ಮೂರು ಸಂಪುಟಗಳಲ್ಲಿ ಬೇಟೆಹಕ್ಕಿಗಳ ಗ್ರಂಥ ತಂದವರು ಎ.ಓ. ಹ್ಯೂಮ್ ಮತ್ತು ಮಾರ್ಷಲ್. ಇದೇ ಹ್ಯೂಮ್ 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಓಡಾಡಿದವರು. ನಮ್ಮಲ್ಲಿಗೆ ಬರುವ ಉಲ್ಲಂಕಿ ಒಂದೇ ಜಾತಿಯದಲ್ಲ, ಸಾಮಾನ್ಯ ಉಲ್ಲಂಕಿಯ ಬಾಲದಲ್ಲಿ 14 ಗರಿ, ಇನ್ನೊಂದರಲ್ಲಿ ಅಂಚಿಗೆ ಸೂಜಿಯಷ್ಟು ಸಣ್ಣ ಗರಿಗಳೂ ಸೇರಿ ಸುಮಾರು 26 ಎಂಬುದು ಸತ್ತ ಹಕ್ಕಿಯನ್ನು ಕೈಯಲ್ಲಿ ಹಿಡಿದು ಎಣಿಸಿದವರಿಗಷ್ಟೇ ಹೊಳೆಯುವ ವಿಷಯ. ಕನ್ನಡದಲ್ಲೂ ಉದಾಹರಣೆ ದೂರವಿಲ್ಲ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಕಾಡಿನಲ್ಲಿ ಕೋವಿ ಹಿಡಿದು ಅಲೆದವರು. ಅದೇ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಾಗಿ ಗಂಟೆಗಟ್ಟಲೆ ಕಾದರು.

ಕೋವಿ ನಿಜಕ್ಕೂ ಕೆಳಗಿಳಿದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ, ಅದೂ ಒಂದೇ ಏಟಿಗೆ ಅಲ್ಲ. ಆ ಕಾಯ್ದೆಯ ಮೊದಲ ರೂಪದಲ್ಲಿ ಸಣ್ಣ ಬೇಟೆಗೆಂದು ಪರವಾನಗಿ ಪಡೆಯುವ ದಾರಿ ಇನ್ನೂ ತೆರೆದೇ ಇತ್ತು, ಬಾತು ಮತ್ತು ಉಲ್ಲಂಕಿ ಆ ಪಟ್ಟಿಯಲ್ಲಿದ್ದವು. ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿ. ಇಂದು ಕೆರೆಯ ಬಾತಿಗೆ ಗುಂಡು ಹಾರಿಸಿದವನಿಗೆ ಮೂರು ವರ್ಷದವರೆಗೆ ಸೆರೆವಾಸ, 2022ರ ತಿದ್ದುಪಡಿಯ ನಂತರ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಕಾನೂನಿನ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳಲಿಲ್ಲ. ಶೋಕಿಯ ಬೇಟೆಗಾರ ಜೋಡುಕೋವಿಯನ್ನು ಗೋಡೆಗೆ ನೇತುಹಾಕಿ ಗಾಲ್ಫಿಗೆ ಹೋದ. ಹೆಸರಿನಲ್ಲೇ ಹಕ್ಕಿ ಹೊತ್ತ ಹಕ್ಕಿಪಿಕ್ಕಿ ಸಮುದಾಯದವರಿಗೆ ಬಲೆ, ಉರುಳು, ಹಕ್ಕಿ ಮಾರಾಟವೇ ಮುಖ್ಯ ಕಸುಬಾಗಿತ್ತು. ಬನ್ನೇರುಘಟ್ಟ, ಹುಣಸೂರಿನ ಪಕ್ಷಿರಾಜಪುರದಂಥ ಕಡೆ ನೆಲೆ ನಿಂತ ಅವರಲ್ಲಿ ಹಲವರು ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರುತ್ತ ಆಫ್ರಿಕಾದವರೆಗೂ ಹೋದರು. 2023ರಲ್ಲಿ ಸುಡಾನಿನ ಯುದ್ಧದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದ ಸುದ್ದಿ ಓದಿ, ಇವರು ಅಲ್ಲಿಗೆ ಏಕೆ ಹೋದರು ಎಂದು ಅಚ್ಚರಿಪಟ್ಟವರಿಗೆ ಉತ್ತರದ ಒಂದು ತುದಿ ಈ ಕೆರೆ ಅಂಗಳಗಳಲ್ಲಿದೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ಯುರೋಪು, ಅಮೆರಿಕಗಳಲ್ಲಿ ಬಾತು ಬೇಟೆಯ ಒದ್ದೆ ಶರತ್ಕಾಲ ಎಂದರೆ ಹಕ್ಕಿಗಳ ಮರಿ ಬೆಳೆದು ಹಾರತೊಡಗಿದ ಕಾಲ. ನಮ್ಮಲ್ಲಿ ಹಾಗಲ್ಲ. ಇಲ್ಲೇ ಹುಟ್ಟಿ ಇಲ್ಲೇ ಬಾಳುವ ವರಟೆ, ಸಿಳ್ಳೆಬಾತು, ಗುಳುಮುಳುಕಗಳು ಗೂಡು ಕಟ್ಟುವುದೇ ಮಳೆ ಬಿದ್ದು ಕೆರೆ ತುಂಬಿದಾಗ. ಬೇಟೆಗಾರನಿಗೆ ಹಿತವಾದ ಅದೇ ಮೋಡದ ಬೆಳಗು, ವರಟೆ ಒಂಬತ್ತು ಹತ್ತು ಮರಿಗಳನ್ನು ಹಿಂದಿಟ್ಟುಕೊಂಡು ಜೊಂಡಿನಿಂದ ಹೊರಬರುವ ಬೆಳಗೂ ಹೌದು. ಅಮೆರಿಕದಲ್ಲಿ ಬೇಟೆಗಾರರು ಕೊಳ್ಳಲೇಬೇಕಾದ ಬಾತಿನ ಸ್ಟಾಂಪು 1934ರಿಂದ ಇದೆ, ಅದರ ಹಣದಲ್ಲಿ ಅಲ್ಲಿನ ಸರ್ಕಾರ ಜೌಗುನೆಲ ಕೊಂಡು ಉಳಿಸಿದೆ. ಅದು ಮೆಚ್ಚತಕ್ಕ ವ್ಯವಸ್ಥೆ. ಆದರೆ ಆ ದೇಶವೂ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು 1991ರಲ್ಲಿ ಪೂರ್ತಿ ನಿಷೇಧಿಸಬೇಕಾಯಿತು, ಏಕೆಂದರೆ ಕೆಸರಿಗೆ ಬಿದ್ದ ಚರೆಯನ್ನು ಬಾತುಗಳು ಮರಳುಕಲ್ಲೆಂದು ನುಂಗಿ ಸಾಯುತ್ತಿದ್ದವು. ಗುರಿ ತಪ್ಪಿದ ಗುಂಡೂ ಹಕ್ಕಿಯನ್ನು ಕೊಲ್ಲುತ್ತಿತ್ತು.

ಬೆಂಗಳೂರಿನ ಏರಿಗಳ ಮೇಲೆ ಬಂದೂಕಿನ ಜಾಗಕ್ಕೆ ದುರ್ಬೀನು ಬಂತು. 1970ರ ದಶಕದಿಂದ ಇಲ್ಲಿ ಪಕ್ಷಿವೀಕ್ಷಕರ ಕೂಟ ಬೆಳೆಯಿತು. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುವ ಪರಿಪಾಠ ಆ ಕೂಟದ್ದು. 1994ರಲ್ಲಿ ಜೋಸೆಫ್ ಜಾರ್ಜ್ ಸಂಪಾದಕತ್ವದಲ್ಲಿ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿ ಸಹಿತ ಪಟ್ಟಿ ಪ್ರಕಟವಾಯಿತು. 1987ರಲ್ಲಿ ಏಷ್ಯಾದಾದ್ಯಂತ ಶುರುವಾದ ನಡುಚಳಿಗಾಲದ ನೀರುಹಕ್ಕಿ ಗಣತಿಗೂ ಬೆಂಗಳೂರಿನವರು ಕೆರೆಗಳನ್ನು ಹಂಚಿಕೊಂಡು ಹೊರಟರು. ಅಲ್ಲಾಳಸಂದ್ರದ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ವಿಜ್ಞಾನಿ ಎಸ್. ಸುಬ್ರಮಣ್ಯ ಅಂಥ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದ್ದವರು.

ಗಣತಿಯ ದಿನಚರಿ ನೋಡಿದರೆ ಅದು ಹಳೆಯ ಬೇಟೆಯದ್ದೇ ನಕಲು. ಜನವರಿಯಲ್ಲಿ ಕತ್ತಲಿರುವಾಗಲೇ ಹೊರಡುವುದು, ಮೂರು ನಾಲ್ಕು ಜನ ಗೆಳೆಯರು, ಫ್ಲಾಸ್ಕಿನಲ್ಲಿ ಕಾಫಿ, ಎಲ್ಲಿ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ ಎಂಬ ಚರ್ಚೆ. ಒಬ್ಬ ಸ್ಟ್ಯಾಂಡಿನ ಮೇಲಿಟ್ಟ ದೂರದರ್ಶಕದಲ್ಲಿ ನೋಡಿ ಕೂಗುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ಹಿಂಡು ದೊಡ್ಡದಾದರೆ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಳತೆ ಮಾಡಿಕೊಂಡು, ಅಂಥ ತುಂಡುಗಳು ಎಷ್ಟಿವೆ ಎಂದು ಲೆಕ್ಕ ಹಾಕುತ್ತಾರೆ. ತಾನಾಗಿ ಹಿಂಡು ಎದ್ದರೆ ಹಾರುವಾಗಲೂ ಎಣಿಸಬೇಕು. ಹೊಸಬರು ಎಡವುವುದು ನಾಮದಕೋಳಿಯಲ್ಲಿ: ಕಪ್ಪು ಮೈ, ಹಣೆಗೆ ಬಿಳಿ ನಾಮ, ದೂರಕ್ಕೆ ಬಾತಿನಂತೆಯೇ ಈಜುವ ಇದು ಬಾತಲ್ಲ.

ಮಳೆ ಗಣತಿಯಲ್ಲೂ ಮೂಗು ತೂರಿಸುತ್ತದೆ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಸುರಿಯುವ ತಿಂಗಳುಗಳು ಸೆಪ್ಟೆಂಬರ್ ಮತ್ತು ಅಕ್ಟೋಬರ್. ಮಧ್ಯ ಏಷ್ಯಾ, ಸೈಬೀರಿಯಾ ಕಡೆಯ ಬಿಳಿಹುಬ್ಬಿನ ಬಾತು, ಸೂಜಿಬಾಲದ ಬಾತು, ಚಲುಕದ ಬಾತುಗಳು ಇಳಿಯತೊಡಗುವುದೂ ಆಗಲೇ. ಹಿಂಗಾರು ಕೈಕೊಟ್ಟ ವರ್ಷ ಸಣ್ಣ ಕೆರೆಗಳೆಲ್ಲ ಬತ್ತಿ, ನೀರುಳಿದ ಎರಡು ಮೂರು ಕೆರೆಗಳಲ್ಲಿ ಬಾತುಗಳ ಜಾತ್ರೆ ನೆರೆಯುತ್ತದೆ. 2022ರಂಥ ದಾಖಲೆಯ ಮಳೆಯ ವರ್ಷದಲ್ಲಿ ಕೋಲಾರದಿಂದ ತುಮಕೂರಿನವರೆಗೆ ಎಲ್ಲ ಹೊಂಡಗಳಲ್ಲೂ ನೀರು. ಹಕ್ಕಿಗಳು ಚದುರಿಹೋಗಿ ಊರ ಕೆರೆಯಲ್ಲಿ ಕಾಣುವುದೇ ಇಲ್ಲ. ಒಂದು ವರ್ಷದ ಎಣಿಕೆ ಹಿಡಿದು ಬಾತು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಬರೆಯುವ ಪತ್ರಿಕೆಗಳು ಇದನ್ನು ಮರೆತುಬಿಡುತ್ತವೆ.

ಹಾಗಾದರೆ ಗುಂಡಿನ ಭಯ ಹೋದ ಮೇಲೆ ನಗರದ ಕೆರೆಗಳಲ್ಲಿ ವಲಸೆ ಬಾತು ತುಂಬಿ ತುಳುಕಬೇಕಿತ್ತಲ್ಲವೇ? ತುಳುಕುತ್ತಿಲ್ಲ. ಕಾರಣ ನೀರಿನ ಆಳದಲ್ಲಿದೆ. ಸೂಜಿಬಾಲದ ಬಾತು, ವರಟೆಯಂಥವು ಮುಳುಗಿ ಮೇಯುವ ಹಕ್ಕಿಗಳಲ್ಲ. ಬಾಲ ಮೇಲೆತ್ತಿ ಕತ್ತು ಚಾಚಿ ತಳದ ಬೀಜ, ಗೆಡ್ಡೆ, ಹುಳು ಹೆಕ್ಕುತ್ತವೆ. ಕತ್ತು ಎಟುಕುವುದು ಹೆಚ್ಚೆಂದರೆ ಒಂದು ಒಂದೂವರೆ ಅಡಿ. ಉಲ್ಲಂಕಿಗೆ ಅಷ್ಟೂ ನೀರು ಬೇಡ, ಕೊಕ್ಕು ಇಳಿಯುವ ಮೆದು ಕೆಸರು ಬೇಕು. ನಮ್ಮ ಹಿರಿಯರು ಕಟ್ಟಿದ ಕೆರೆ ಊಟದ ತಟ್ಟೆಯಂತೆ ಅಗಲ, ಏರಿಯ ಬಳಿ ಮಾತ್ರ ಆಳ, ಹಿಂದಕ್ಕೆ ಹೋದಂತೆ ತೆಳುನೀರು, ಬೇಸಿಗೆಗೆ ಅಂಗಳವೇ ಹೊರಬಿದ್ದು ದನ ಮೇಯುತ್ತಿದ್ದವು, ರೈತರು ಗೋಡು ಎತ್ತಿ ಹೊಲಕ್ಕೆ ಹೊಡೆಯುತ್ತಿದ್ದರು. ಪುನಶ್ಚೇತನದ ಹೆಸರಿನಲ್ಲಿ ಹೂಳೆತ್ತಿ, ಸುತ್ತಲೂ ಕಡಿದಾದ ದಂಡೆ ಕಟ್ಟಿ, ಅದರ ಮೇಲೆ ನಡಿಗೆ ಹಾದಿ ಹಾಕಿದಾಗ ಆ ತಟ್ಟೆ ಬೋಗುಣಿಯಾಯಿತು. ದಡದಿಂದ ಎರಡು ಹೆಜ್ಜೆಗೆ ಆಳುದ್ದ ನೀರು. ನೀರುಕಾಗೆ, ಹೆಜ್ಜಾರ್ಲೆಗಳಿಗೆ ಇದು ಹಬ್ಬ, ಮೀನು ಇದೆ. ಬಾತಿಗೆ ಊಟವಿಲ್ಲ.

ಇದಕ್ಕೆ ಸೇರಿದ್ದು ಚರಂಡಿಯ ನೀರು. ಹಿಂದೆ ಮಳೆ ತುಂಬಿ ಬಿಸಿಲು ಖಾಲಿ ಮಾಡುತ್ತಿದ್ದ ಕೆರೆಗಳು ಈಗ ವರ್ಷವಿಡೀ ತುಂಬಿರುತ್ತವೆ. ಜಕ್ಕೂರಿನಲ್ಲಿ ಶುದ್ಧೀಕರಿಸಿದ ನೀರನ್ನು ಜೊಂಡಿನ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವ ಏರ್ಪಾಡಿದೆ, ಅದು ಊರಿಗೇ ಮಾದರಿ ಎನಿಸಿಕೊಂಡಿದೆ. ಆದರೂ ಸದಾ ತುಂಬಿದ ಕೆರೆಯಲ್ಲಿ ಅಂಗಳ ತೆರೆದುಕೊಳ್ಳುವುದೇ ಇಲ್ಲ. ನಾಮದಕೋಳಿ, ನೇರಳೆ ಜಂಬುಕೋಳಿಗಳು ಹೆಚ್ಚುತ್ತವೆ, ಕೆಸರಿನ ಹಕ್ಕಿಗಳು ಹಿಂದೆ ಸರಿಯುತ್ತವೆ. ಉಲ್ಲಂಕಿ ಬೇಕೆಂದರೆ ಹೆಸರಘಟ್ಟದ ಹುಲ್ಲುಗಾವಲಿನ ತೇವದ ತಗ್ಗುಗಳಿಗೆ ಹೋಗಬೇಕು. ಅಲ್ಲಿಯ 5,000 ಎಕರೆಗೂ ಹೆಚ್ಚು ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿತು. ಯಲಹಂಕದ ಪುಟ್ಟೇನಹಳ್ಳಿ ಕೆರೆಗೆ 2015ರಲ್ಲೇ ಪಕ್ಷಿ ಸಂರಕ್ಷಣಾ ಮೀಸಲಿನ ಪಟ್ಟ ಸಿಕ್ಕಿದೆ, ಬಣ್ಣದ ಕೊಕ್ಕರೆ, ಹಾವಕ್ಕಿಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ.

ತಗ್ಗು ನೆಲವನ್ನು ಮನುಷ್ಯ ಮರೆತರೂ ನೀರು ಮರೆಯಲಿಲ್ಲ. 2021ರ ನವೆಂಬರಿನಲ್ಲಿ ಯಲಹಂಕ ಸೀಮೆಯ ಕೆರೆಗಳು ಕೋಡಿ ಹರಿದಾಗ, ಬಳ್ಳಾರಿ ರಸ್ತೆ ಬದಿಯ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ. ತೆಳುನೀರಿನ ಅಂಗಳ ಬಾತಿಗೆ ಮೇವಿನ ಜಾಗವಾಗಿದ್ದಂತೆ, ಹೆಚ್ಚು ಮಳೆಯ ದಿನ ಉಕ್ಕಿದ ನೀರು ಹರಡಿಕೊಳ್ಳುವ ಜಾಗವೂ ಆಗಿತ್ತು. ಕೆರೆಯ ಹಿಂಭಾಗದ ಒಂದು ಪಾಲನ್ನಾದರೂ ಹೂಳೆತ್ತದೆ, ಹಾದಿ ಹಾಕದೆ ಇಳಿಜಾರಾಗಿಯೇ ಬಿಡಿ ಎಂದು ಪಕ್ಷಿವೀಕ್ಷಕರು ಬಹಳ ಕಾಲದಿಂದ ಕೇಳುತ್ತಿರುವುದಕ್ಕೆ ಹಕ್ಕಿಯಷ್ಟೇ ಕಾರಣವಲ್ಲ.

ಗೆಳೆಯರ ಜೊತೆ ಹೋಗಿ ನೋಡುವ ಆಸೆಯಿದ್ದವರು ಅಲ್ಲಾಳಸಂದ್ರದಿಂದಲೇ ಶುರುಮಾಡಬಹುದು. ಕೆರೆ ಚಿಕ್ಕದು, ಒಂದು ಗಂಟೆಯಲ್ಲಿ ಸುತ್ತು ಮುಗಿಯುತ್ತದೆ, ನೀರಿನ ಜಾಡು ಹಿಡಿದರೆ ಮುಂದೆ ಜಕ್ಕೂರು, ರಾಚೇನಹಳ್ಳಿ ಸಿಗುತ್ತವೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಆದರೆ ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆದಾಗ ತಲೆಯ ಮೇಲಿನ ಸದ್ದಿಗೆ ಸಿದ್ಧರಿರಬೇಕು. ಆ ದಿನಗಳಲ್ಲಿ ಯಲಹಂಕದ ಸುತ್ತ ಮಾಂಸದಂಗಡಿಗಳೂ ಮುಚ್ಚಿರುತ್ತವೆ, ಎಸೆದ ಚೂರುಗಳಿಗೆ ಹದ್ದು ಸೇರಿ ವಿಮಾನಕ್ಕೆ ಬಡಿಯಬಾರದೆಂದು. ಬ್ರೆಡ್ಡು ಎಸೆಯುವುದು, ಡ್ರೋನ್ ಹಾರಿಸುವುದು ಬೇಡ. ಮಳೆ ಹನಿದರೆ ದುರ್ಬೀನಿನ ಗಾಜಿಗೆ ಒಣ ಬಟ್ಟೆ, ಪುಸ್ತಕಕ್ಕೆ ಪೆನ್ನಿನ ಬದಲು ಪೆನ್ಸಿಲ್ ಇರಲಿ, ಶಾಯಿ ಕರಗಿದರೆ ಎಣಿಕೆಯೂ ಹೋಯಿತು. ಮುಗಿಸಿ ಯಲಹಂಕದಲ್ಲಿ ಇಡ್ಲಿಗೆ ಕೂತಾಗ, ನಾಮದಕೋಳಿ ಒಬ್ಬನ ಪುಸ್ತಕದಲ್ಲಿ ಒಂದು ಲೆಕ್ಕ, ಇನ್ನೊಬ್ಬನದರಲ್ಲಿ ಮತ್ತೊಂದು ಲೆಕ್ಕ ಬಂದಿರುತ್ತದೆ. ಹೊಡೆದ ಹಕ್ಕಿ ಯಾರ ಗುಂಡಿಗೆ ಬಿತ್ತು ಎಂದು ಹಳಬರು ಜಗಳ ಆಡುತ್ತಿದ್ದರಂತೆ. ಇವರದು ಹಾರಿಹೋದ ಹಕ್ಕಿಯ ಮೇಲಿನ ಜಗಳ, ಎರಡನೇ ಕಾಫಿ ಬಂದರೂ ಬಗೆಹರಿಯುವುದಿಲ್ಲ.